ಪಕ್ಕದ ಸೈಟಿನ ಗುಂಡಿಗೆ ಯಾರು ಹೊಣೆ?

ಪಕ್ಕದ ನಿವೇಶನಕ್ಕೆ ಜೆಸಿಬಿ ಬಂದು ಎರಡೇ ದಿನದಲ್ಲಿ ಕಾಂಪೌಂಡ್ ಗೋಡೆಯ ಬುಡದವರೆಗೂ ಅಗೆದು ಹೋಗಿದೆ. ಗುಂಡಿಯ ಅಂಚಿಗೆ ತಡೆಬೇಲಿಯಿಲ್ಲ, ಕಡಿದ ಮಣ್ಣಿಗೆ ಆಸರೆಯಿಲ್ಲ. ಕೆಳಗೆ ನಾಲ್ಕು ಮಂದಿ ಕಂಬಿ ಕಟ್ಟುತ್ತಿದ್ದಾರೆ. ಸಂಜೆಗೆ ಮಳೆಯ ಮುನ್ಸೂಚನೆ ಇದೆ. ಇದನ್ನು ಮಹಡಿಯ ಮೇಲಿಂದ ನೋಡುತ್ತಿರುವವರು ಯಾರಿಗೆ ಹೇಳಬೇಕು?

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಮೊದಲೂ ಸಲೀಸಾದ ಉತ್ತರ ಇರಲಿಲ್ಲ. ಈಗ ಇನ್ನಷ್ಟು ಗೋಜಲಾಗಿದೆ. 2024ರ ಡಿಸೆಂಬರಿನಿಂದ 2025ರ ನವೆಂಬರಿನವರೆಗಿನ ಒಂದು ವರ್ಷದಲ್ಲಿ ಕಟ್ಟಡಗಳ ಕಾನೂನೂ ಬದಲಾಯಿತು, ನಗರದ ಆಡಳಿತವೂ ಬದಲಾಯಿತು, ಕಾರ್ಮಿಕರ ಸುರಕ್ಷತೆಯ ಕಾಯ್ದೆಯೂ ಬದಲಾಯಿತು. ಪ್ರತಿಯೊಂದು ಸುದ್ದಿಯೂ ಬೇರೆ ಬೇರೆ ದಿನ, ಬೇರೆ ಬೇರೆ ಪುಟಗಳಲ್ಲಿ ಬಂತು. ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅವುಗಳ ಪರಿಣಾಮ ಕಾಣುತ್ತದೆ.

ಒಂದು ವರ್ಷದಲ್ಲಿ ಆದದ್ದೇನು?

2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಕ್ಕೆ ಯೋಗ್ಯ ಎಂದು ಕೊಡುವ, ಜನ ಒಸಿ ಎಂದು ಕರೆಯುವ ದಾಖಲೆ ಇಲ್ಲದೆ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂಬುದು ಅವುಗಳಲ್ಲಿ ಎಲ್ಲರ ಬಾಯಿಗೂ ಬಂದ ಭಾಗ. ಅದೇ ತೀರ್ಪಿನಲ್ಲಿ ಇನ್ನೆರಡು ಮಾತುಗಳಿದ್ದವು, ಅವುಗಳ ಬಗ್ಗೆ ಚರ್ಚೆಯೇ ಆಗಲಿಲ್ಲ. ಮಂಜೂರಾದ ನಕ್ಷೆಯನ್ನು ಕಾಮಗಾರಿ ಮುಗಿಯುವವರೆಗೂ ಸ್ಥಳದಲ್ಲಿ ಪ್ರದರ್ಶಿಸಬೇಕು. ಅಧಿಕಾರಿಗಳು ಕಾಲಕಾಲಕ್ಕೆ ಸ್ಥಳಕ್ಕೆ ಹೋಗಿ ತಪಾಸಣೆ ಮಾಡಿ ಅದನ್ನು ದಾಖಲಿಸಬೇಕು. ಪಕ್ಕದ ಮನೆಯವರ ದೃಷ್ಟಿಯಿಂದ ಮುಖ್ಯವಾದವು ಈ ಎರಡೇ.

2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಾದವು. ಅವುಗಳ ಮೇಲೆ ಸಮನ್ವಯಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನಗಳಲ್ಲಿ ಕಟ್ಟುವ ಸಣ್ಣ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. ಕೋರ್ಟಿನ ನಿರ್ದೇಶನದ ನಂತರ ಕರೆಂಟಿಲ್ಲದೆ ಕೂತಿದ್ದ ಅಸಂಖ್ಯ ಮನೆಗಳಿಗೆ ಅದು ದೊಡ್ಡ ನಿರಾಳ. ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕಟ್ಟಡ ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಳ್ಳುತ್ತಿದ್ದ 1996ರ ಕಾಯ್ದೆ ಅವುಗಳಲ್ಲಿ ಒಂದರೊಳಗೆ, 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೊಳಗೆ ಸೇರಿಹೋಯಿತು.

ಹೀಗಾಗಿ ದೂರು ಕೊಡಲು ಹೊರಟವರಿಗೆ ಗೊತ್ತಿದ್ದ ಕಚೇರಿಯ ಹೆಸರೂ ಹಳತಾಯಿತು, ಉಲ್ಲೇಖಿಸಬೇಕಾದ ಕಾಯ್ದೆಯೂ ಹಳತಾಯಿತು.

ಅಕ್ರಮ ಬೇರೆ, ಅಪಾಯ ಬೇರೆ

ಗೊಂದಲದ ಮೂಲ ಕಚೇರಿಗಳ ಹೆಸರಿಗಿಂತ ಆಳದಲ್ಲಿದೆ. ಮಹಡಿಯ ಮೇಲಿಂದ ನೋಡುವವರಿಗೆ ಕಾಣುವುದು ಅಪಾಯ. ಪಾಲಿಕೆಯ ಎಂಜಿನಿಯರ್ ಕಡತದಲ್ಲಿ ಹುಡುಕುವುದು ಅಕ್ರಮವನ್ನು. ನಕ್ಷೆ ಮಂಜೂರಾಗಿದೆಯೇ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟಿದ್ದಾರೆಯೇ, ಮಹಡಿಗಳ ಸಂಖ್ಯೆ ಸರಿಯಿದೆಯೇ ಎಂದು ನೋಡುತ್ತಾರೆ. ಎಲ್ಲವೂ ಸರಿಯಿದ್ದರೆ 'ನಕ್ಷೆ ಇದೆ' ಎಂಬ ಷರಾದೊಂದಿಗೆ ದೂರು ಮುಕ್ತಾಯವಾಗುತ್ತದೆ. ಗುಂಡಿಯ ಮಣ್ಣು ನಿಲ್ಲುತ್ತದೆಯೇ ಎಂದು ಕೇಳಿದವರಿಗೆ ನಕ್ಷೆಯ ವಿಚಾರ ಹೇಳಿ ಕಳಿಸಿದಂತಾಗುತ್ತದೆ.

ಈ ಎರಡೂ ಒಂದೇ ಅಲ್ಲ ಎಂಬುದನ್ನು ದೇಶ ದೊಡ್ಡ ಬೆಲೆ ತೆತ್ತು ಕಲಿತಿದೆ. 2013ರ ಏಪ್ರಿಲ್ 4ರಂದು ಮಹಾರಾಷ್ಟ್ರದ ಠಾಣೆ ನಗರದ ಮುಂಬ್ರಾದಲ್ಲಿ ಅನುಮತಿಯೇ ಇಲ್ಲದೆ ಏಳುತ್ತಿದ್ದ ಕಟ್ಟಡ ಕುಸಿದು 74 ಜನ ಸತ್ತರು. ಮೇಲೆ ಕೆಲಸ ನಡೆಯುತ್ತಿರುವಾಗಲೇ ಕೆಳಗಿನ ಮಹಡಿಗಳಲ್ಲಿ ಸಂಸಾರಗಳಿದ್ದವು. ಮರುವರ್ಷ, 2014ರ ಜೂನ್ 28ರಂದು ಚೆನ್ನೈ ಹೊರವಲಯದ ಮೌಲಿವಾಕ್ಕಂನಲ್ಲಿ ನಿರ್ಮಾಣ ಹಂತದ 11 ಅಂತಸ್ತಿನ ವಸತಿ ಸಮುಚ್ಚಯ ಕುಸಿದು 61 ಜನ ಸತ್ತರು. ಅದಕ್ಕೆ ಯೋಜನಾ ಪ್ರಾಧಿಕಾರದ ಅನುಮೋದನೆ ಇತ್ತು. ದೋಷ ಇದ್ದದ್ದು ರಚನೆಯಲ್ಲಿ. ಅದರ ಜೋಡಿ ಕಟ್ಟಡವನ್ನು 2016ರಲ್ಲಿ ಸ್ಫೋಟಕ ಇಟ್ಟು ಕೆಡವಬೇಕಾಯಿತು. ಮುಂಬ್ರಾದ ಕಟ್ಟಡವನ್ನು ಅಕ್ರಮದ ದೂರು ತಡೆಯಬಹುದಿತ್ತು. ಮೌಲಿವಾಕ್ಕಂನದ್ದನ್ನು ಅಂಥ ದೂರು ತಡೆಯುತ್ತಿರಲಿಲ್ಲ, ಏಕೆಂದರೆ ಕಾಗದ ಸರಿಯಿತ್ತು.

ನಮ್ಮ ರಾಜ್ಯದ್ದೇ ನೋಡಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ಕಟ್ಟಡ 19 ಜೀವ ತೆಗೆದುಕೊಂಡಿತು. ಕೆಳಗೆ ಅಂಗಡಿಗಳು ನಡೆಯುತ್ತಿದ್ದವು, ಮೇಲೆ ನಿರ್ಮಾಣ ಮುಗಿದಿರಲಿಲ್ಲ. 2024ರ ಅಕ್ಟೋಬರ್ 22ರಂದು, ಸುರಿಯುವ ಮಳೆಯ ವಾರದಲ್ಲಿ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ನೆಲಕ್ಕಿಳಿದು ಒಳಗಿದ್ದ ಕಾರ್ಮಿಕರನ್ನು ಹೂತಿತು. ಅನುಮತಿ ಮೀರಿ ಕಟ್ಟಿದ್ದಕ್ಕೆ ಮೊದಲೇ ನೋಟಿಸ್ ಕೊಟ್ಟಿದ್ದೆವು ಎಂದು ಪಾಲಿಕೆಯ ಕಡೆಯಿಂದಲೇ ಹೇಳಿಕೆ ಬಂತು. ಅಂದರೆ ಅಕ್ರಮ ಗೊತ್ತಾಗಿತ್ತು, ಕಾಗದದ ಮೇಲೆ ಕ್ರಮವೂ ಆಗಿತ್ತು, ಆದರೂ ಅಪಾಯದ ಕೆಳಗಿದ್ದ ಜನರನ್ನು ಅಲ್ಲಿಂದ ಯಾರೂ ಹೊರಗೆ ಕರೆದಿರಲಿಲ್ಲ. ನೋಟಿಸ್ ಮಾಲೀಕರಿಗೆ ಹೋಗುತ್ತದೆ. ಕುಸಿಯುವುದು ಕೂಲಿಕಾರರ ಮೇಲೆ.

ಗಂಟೆಗಳ ಲೆಕ್ಕ

ಅಪಾಯದ ದೂರಿಗೆ ಬೇರೆಯೇ ದಾರಿ ಬೇಕು ಎನ್ನಲು ಇನ್ನೊಂದು ಕಾರಣ ಅದರ ವೇಗ. ಸೆಟ್‌ಬ್ಯಾಕ್ ಉಲ್ಲಂಘನೆ ಇಂದಿದ್ದಂತೆ ಮುಂದಿನ ತಿಂಗಳೂ ಇರುತ್ತದೆ. ಮಣ್ಣಿನ ಗೋಡೆ ಹಾಗಲ್ಲ.

ಒಂದು ಘನ ಮೀಟರ್ ಮಣ್ಣು ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಅಂದರೆ ಒಂದು ಕಾರಿನಷ್ಟು ಭಾರ. ಎದೆಯ ಮಟ್ಟದವರೆಗೆ ಹೂತರೂ ಸಾಕು, ಉಸಿರು ಎಳೆಯಲು ಪಕ್ಕೆಲುಬು ಹಿಗ್ಗುವುದಿಲ್ಲ. ಅಗೆದ ದಿನ ಮಣ್ಣು ತನ್ನ ತೇವದಿಂದ ಅಂಟಿಕೊಂಡು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. 'ಗಟ್ಟಿ ಮಣ್ಣು ಸ್ವಾಮಿ, ಏನೂ ಆಗಲ್ಲ' ಎಂದು ಮೇಸ್ತ್ರಿ ಹೇಳುವುದು ಆ ದಿನದ ನೋಟ ನೋಡಿ, ಅದು ಸುಳ್ಳಲ್ಲ. ಮರುದಿನದ ಬಿಸಿಲಿಗೆ ಮೇಲ್ಮೈ ಬಿರಿಯುತ್ತದೆ. ಆ ಬಿರುಕಿಗೆ ಮಳೆ ನೀರು ಇಳಿದರೆ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ, ಹಿಂದಿನಿಂದ ನೀರಿನ ಒತ್ತಡ ಸೇರುತ್ತದೆ. ಅಂಚಿನಲ್ಲೇ ಅಗೆದ ಮಣ್ಣಿನ ರಾಶಿಯೋ ಜಲ್ಲಿ ತಂದ ಟಿಪ್ಪರ್ರೋ ಇದ್ದರೆ ಇನ್ನೇನೂ ಬೇಕಿಲ್ಲ. ಇದಕ್ಕೇ ಭಾರತೀಯ ಮಾನಕ 3764 ಒಂದೂವರೆ ಮೀಟರಿಗಿಂತ, ಅಂದರೆ ಸುಮಾರು ಐದು ಅಡಿಗಿಂತ ಆಳದ ಕಂದಕದ ಮಣ್ಣಿಗೆ ಆಸರೆ ಕಟ್ಟಬೇಕು ಎನ್ನುವುದು. ನಮ್ಮ ಬಡಾವಣೆಗಳಲ್ಲಿ ನೆಲಮಾಳಿಗೆಗೆಂದು ತೋಡುವ ಗುಂಡಿಗಳು ಇದರ ಎರಡರಷ್ಟೋ ಮೂರರಷ್ಟೋ ಆಳವಿರುತ್ತವೆ. ಪಕ್ಕದ ಮನೆಯ ಪಾಯ ನಾಲ್ಕೈದು ಅಡಿ ಆಳದಲ್ಲಿದ್ದು ಈ ಗುಂಡಿ ಹತ್ತು ಅಡಿ ಇಳಿದರೆ, ಆ ಪಾಯ ನಿಂತಿರುವ ನೆಲವೇ ಒಂದು ಬದಿಗೆ ತೆರೆದುಕೊಂಡಂತೆ.

ಮೋಲ್ಡ್ ಹಾಕಿದ ಮೇಲಿನ ಕತೆಯೂ ದಿನಗಳ ಲೆಕ್ಕದ್ದೇ. ಕಾಂಕ್ರೀಟ್ ಗಟ್ಟಿಯಾದಂತೆ ಕಂಡರೂ ಬಲ ಬರಲು ದಿನ ಬೇಕು. ಭಾರತೀಯ ಮಾನಕ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಅಂತರದ ತಾರಸಿಯ ಕೆಳಗಿನ ಆಸರೆಗಳನ್ನು 7 ದಿನ ತೆಗೆಯಬಾರದು, ಅದಕ್ಕಿಂತ ಅಗಲವಿದ್ದರೆ 14 ದಿನ. ಆರು ಮೀಟರ್ ಮೀರಿದ ತೊಲೆಯ ಕೆಳಗೆ 21 ದಿನ. ಸೆಂಟ್ರಿಂಗ್ ಸಾಮಾನು ದಿನದ ಬಾಡಿಗೆಗೆ ಬರುವುದರಿಂದ ಬೇಗ ಬಿಚ್ಚಿ ಇನ್ನೊಂದು ಸೈಟಿಗೆ ಒಯ್ಯುವ ಒತ್ತಡ ಯಾವಾಗಲೂ ಇರುತ್ತದೆ. ಕೆಳಗಿನ ತಾರಸಿಯ ಆಸರೆ ಬಿಚ್ಚಿ ಅದರ ಮೇಲೆಯೇ ಮುಂದಿನ ಮಹಡಿಯ ಹಸಿ ಕಾಂಕ್ರೀಟಿನ ಭಾರ ಹೇರಿದಾಗ ಕುಸಿತಗಳು ಆಗುತ್ತವೆ. ಇಂಥದ್ದನ್ನು ಕಂಡು ಕೊಟ್ಟ ದೂರು ಹದಿನೈದು ದಿನದ ನಂತರ ತೆರೆದರೆ, ಅಷ್ಟರಲ್ಲಿ ಕಾಂಕ್ರೀಟ್ ತಾನಾಗಿ ಗಟ್ಟಿಯಾಗಿರುತ್ತದೆ, ಇಲ್ಲವೇ ಬಿದ್ದಿರುತ್ತದೆ.

ಯಾವ ಬಾಗಿಲು ಯಾರದ್ದು?

ಒಂದೇ ಗುಂಡಿಯನ್ನು ನಾಲ್ಕು ಕಾನೂನುಗಳು ನಾಲ್ಕು ರೀತಿ ನೋಡುತ್ತವೆ. ನಕ್ಷೆ, ಅದರ ಉಲ್ಲಂಘನೆ, ರಸ್ತೆ ಮತ್ತು ಪಾದಚಾರಿ ಮಾರ್ಗದ ಒತ್ತುವರಿ, ಅಪಾಯಕಾರಿ ಕಟ್ಟಡ ಇವು ಆಯಾ ನಗರ ಪಾಲಿಕೆಯದ್ದು. ಮೊದಲ ಮೆಟ್ಟಿಲು ವಾರ್ಡಿನ ಸಹಾಯಕ ಎಂಜಿನಿಯರ್, ಅವರ ಮೇಲೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್. ಬಿಬಿಎಂಪಿ ಕಾಲದ 1533 ಸಹಾಯವಾಣಿ ಜನರಿಗೆ ಹೆಚ್ಚು ಪರಿಚಿತ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಎಲ್ಲ ಇಲಾಖೆಗಳಿಗೂ ಸಾಮಾನ್ಯ.

ಕೆಲಸಗಾರನಿಗೆ ಶಿರಸ್ತ್ರಾಣ, ಸೊಂಟಪಟ್ಟಿ, ಸಾರವೆಯ ಭದ್ರತೆ, ಗುಂಡಿಯ ಆಸರೆ ಇವು ಕಾರ್ಮಿಕ ಇಲಾಖೆಯ ವ್ಯಾಪ್ತಿ. ಹೊಸ ಸಂಹಿತೆಯಲ್ಲಿ ತನಿಖಾಧಿಕಾರಿಯ ಹುದ್ದೆಗೆ 'ನಿರೀಕ್ಷಕ ಮತ್ತು ಸುಗಮಕಾರ' ಎಂಬ ಹೆಸರು ಬಂದಿದೆ. ಕಟ್ಟಡ ಕಾಮಗಾರಿಯಲ್ಲಿ ಜೀವಕ್ಕೆ ಗಂಭೀರ ಅಪಾಯ ಕಂಡರೆ ಕೆಲಸವನ್ನು ನಿಷೇಧಿಸುವ ಲಿಖಿತ ಆದೇಶ ಕೊಡುವ ವಿಶೇಷ ಅಧಿಕಾರ ಸಂಹಿತೆಯ 38ನೇ ಕಲಂನಲ್ಲಿದೆ. ಕಾರ್ಮಿಕರಿಗೂ ಒಂದು ಹಕ್ಕು ಇದೆ. ತಕ್ಷಣದ ಸಾವು ಅಥವಾ ಗಂಭೀರ ಗಾಯದ ಭಯ ಸಕಾರಣವಾಗಿದ್ದರೆ ಮಾಲೀಕರಿಗೆ ಹೇಳುವ ಜೊತೆಜೊತೆಗೇ ನಿರೀಕ್ಷಕರಿಗೂ ತಿಳಿಸಬಹುದು, ಮಾಲೀಕರು ಕೂಡಲೇ ಸರಿಪಡಿಸಬೇಕು ಎನ್ನುತ್ತದೆ 14ನೇ ಕಲಂ. ಪರಿವರ್ತನೆಯ ಕಾಲದಲ್ಲಿ ಹಳೆಯ ನಿಯಮಗಳೂ ಮುಂದುವರಿಯುತ್ತವೆ ಎಂದು ಕೇಂದ್ರ ಸರ್ಕಾರ ಹೇಳಿದೆ.

ಮೆಟ್ರೊ, ಜಲಮಂಡಳಿ, ವಿದ್ಯುತ್ ಕಂಪನಿಯ ಕಾಮಗಾರಿಯಾದರೆ ಆಯಾ ಸಂಸ್ಥೆಯೇ ಕೆಲಸದ ಒಡೆಯ. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಪಿಲ್ಲರಿಗೆಂದು ನಿಲ್ಲಿಸಿದ್ದ ಕಬ್ಬಿಣದ ಕಂಬಿಗಳ ಪಂಜರ ರಸ್ತೆಗೆ ಉರುಳಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಸಾವಿರಾರು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಪಂಜರ ವಾಲಿದೆ ಎಂದು ಯಾರಿಗಾದರೂ ಅನ್ನಿಸಿದ್ದರೂ ಹೇಳುವುದಕ್ಕೆ ಕಣ್ಣಿಗೆ ಕಾಣುವ ಒಂದು ನಂಬರ್ ಇರಬೇಕಲ್ಲ?

ನಾಲ್ಕನೆಯದು ಜನರಿಗೆ ತೀರಾ ಕಡಿಮೆ ಗೊತ್ತಿರುವ ಬಾಗಿಲು. ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾಯ್ದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133. ಬಿದ್ದು ನೆರೆಯವರಿಗೆ ಅಥವಾ ದಾರಿಹೋಕರಿಗೆ ಗಾಯ ಮಾಡಬಹುದಾದ ಕಟ್ಟಡವನ್ನು ತೆಗೆಸಲು ಅಥವಾ ಭದ್ರಪಡಿಸಲು, ಸಾರ್ವಜನಿಕ ದಾರಿಯ ಪಕ್ಕದ ಗುಂಡಿಗೆ ಬೇಲಿ ಹಾಕಿಸಲು ಕಾರ್ಯಪಾಲಕ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ವಿಚಾರಣೆ ಮುಗಿಯುವವರೆಗೆ ಕಾಯಲಾಗದಷ್ಟು ಅಪಾಯ ಇದ್ದರೆ 161ನೇ ಕಲಂ ಕೆಳಗೆ ತಕ್ಷಣದ ತಡೆಯಾಜ್ಞೆಯನ್ನೂ ಕೊಡಬಹುದು. ಇದಕ್ಕೆ ನಕ್ಷೆಯ ಪ್ರಶ್ನೆಯೇ ಇಲ್ಲ, ಅಪಾಯವೊಂದೇ ಸಾಕು. ಇದರ ಜೊತೆಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಂ ಇದೆ. ಕಟ್ಟಡ ಕೆಡವುವಾಗ, ದುರಸ್ತಿ ಮಾಡುವಾಗ ತೋರುವ ನಿರ್ಲಕ್ಷ್ಯ ಹಿಂದಿನಿಂದಲೂ ಅಪರಾಧ. ಈಗ 'ಕಟ್ಟುವಾಗ' ಎಂಬುದೂ ಸೇರಿದೆ. ಶಿಕ್ಷೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಶಿಕ್ಷೆ ಹಗುರ ನಿಜ, ಆದರೆ ಯಾರೂ ಸಾಯುವ ಮೊದಲೇ ಪೊಲೀಸರು ಕೈಹಾಕಲು ಇದರಿಂದ ಒಂದು ಆಧಾರ ಸಿಗುತ್ತದೆ.

ನಾಲ್ಕು ಬಾಗಿಲು ಇರುವುದು ತಪ್ಪಲ್ಲ. ಒಂದು ಬಾಗಿಲು ತಟ್ಟಿದವರನ್ನು 'ಇದು ನಮ್ಮದಲ್ಲ' ಎಂದು ಇನ್ನೊಂದಕ್ಕೆ ಕಳಿಸುವುದರಲ್ಲಿ ಗಂಟೆಗಳು ಕಳೆಯುತ್ತವೆ. ದೂರನ್ನು ಸ್ವೀಕರಿಸಿದ ಕಚೇರಿಯೇ ಸರಿಯಾದ ಕಚೇರಿಗೆ ದಾಟಿಸಬೇಕು, ದೂರುದಾರ ಅಲೆಯಬಾರದು. ಐದು ಪಾಲಿಕೆಗಳ ಮೇಲೆ ಸಮನ್ವಯಕ್ಕೆಂದೇ ಜಿಬಿಎ ಇರುವಾಗ ಈ ಕೆಲಸ ಅದಕ್ಕಿಂತ ಚೆನ್ನಾಗಿ ಇನ್ಯಾರಿಗೂ ಹೊಂದುವುದಿಲ್ಲ.

ಕೆಡವಲು 15 ದಿನ, ನಿಲ್ಲಿಸಲು ಎಷ್ಟು?

ಕ್ರಮ ಏಕೆ ತಡ ಎಂದು ಕೇಳಿದಾಗ ಇತ್ತೀಚೆಗೆ ಒಂದು ಹೊಸ ಉತ್ತರ ಬರುತ್ತಿದೆ. ಸುಪ್ರೀಂ ಕೋರ್ಟೇ ನೋಟಿಸ್ ಕೊಟ್ಟು ಕಾಯಬೇಕು ಎಂದಿದೆ ಎಂಬುದು ಆ ಉತ್ತರ. 2024ರ ನವೆಂಬರ್ 13ರ ತೀರ್ಪನ್ನು ಇದಕ್ಕೆ ತೋರಿಸಲಾಗುತ್ತದೆ. ಆರೋಪಿಗಳ ಮನೆಗಳಿಗೆ ಬುಲ್ಡೋಜರ್ ಹತ್ತಿಸುವುದನ್ನು ತಡೆದ ತೀರ್ಪು ಅದು. ಕಟ್ಟಡ ಕೆಡವುವ ಮೊದಲು ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು ಎಂದು ಅದು ಹೇಳಿದ್ದು ಸರಿಯಾಗಿಯೇ ಇದೆ. ತಲೆಯ ಮೇಲಿನ ಸೂರು ಕಿತ್ತುಕೊಳ್ಳುವಾಗ ಅಷ್ಟು ಎಚ್ಚರ ಬೇಕು.

ಆದರೆ ಆ ತೀರ್ಪು ಮಾತನಾಡುವುದು ನೆಲಸಮದ ಬಗ್ಗೆ. ಕೆಲಸ ನಿಲ್ಲಿಸುವುದು ನೆಲಸಮವಲ್ಲ. ಆಸರೆ ಕಟ್ಟುವವರೆಗೆ ಗುಂಡಿಗೆ ಇಳಿಯಬೇಡಿ ಎಂದರೆ ಯಾರ ಮನೆಯೂ ಹೋಗುವುದಿಲ್ಲ, ಕಟ್ಟಿದ್ದು ಹಾಗೆಯೇ ಇರುತ್ತದೆ, ಆದೇಶ ತಪ್ಪಾಗಿದ್ದರೆ ಮರುದಿನ ಹಿಂತೆಗೆದುಕೊಳ್ಳಬಹುದು. ಕೆಡವಿದ್ದನ್ನು ಹಿಂತೆಗೆದುಕೊಳ್ಳಲಾಗದು, ಆದ್ದರಿಂದಲೇ ಅದಕ್ಕೆ 15 ದಿನ. ಇವೆರಡನ್ನೂ ಒಂದೇ ಕಡತದಲ್ಲಿ ಸೇರಿಸಿದಾಗ ನೆಲಸಮಕ್ಕೆ ಇರುವ ನಿಧಾನ ಸುರಕ್ಷತೆಗೂ ಅಂಟಿಕೊಳ್ಳುತ್ತದೆ. ಅಕ್ರಮದ ಕಡತ ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ನಡೆಯಲಿ. ಅಪಾಯದ ಕಡತ ಅದರ ಹಿಂದೆ ಸರತಿಯಲ್ಲಿ ನಿಲ್ಲಬಾರದು.

ಎದುರು ನಿಂತವರ ಮಾತು

ಬಿಲ್ಡರ್‌ಗಳ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಿವೇಶನದ ಜಗಳ, ಬೆಳಕು ಗಾಳಿಯ ಜಗಳ, ಹಳೆಯ ವೈಷಮ್ಯ ಎಲ್ಲವೂ ಸುರಕ್ಷತೆಯ ದೂರಿನ ವೇಷದಲ್ಲಿ ಬರುತ್ತವೆ. ದೂರು ಕೊಟ್ಟು, ಆಮೇಲೆ ಹಿಂತೆಗೆದುಕೊಳ್ಳಲು ಹಣ ಕೇಳುವವರೂ ಇದ್ದಾರೆ. ಒಂದು ದಿನ ಕೆಲಸ ನಿಂತರೆ ಸಾಲದ ಬಡ್ಡಿ, ಯಂತ್ರದ ಬಾಡಿಗೆ, ಆಳುಗಳ ಕೂಲಿ ಎಲ್ಲವೂ ಮೈಮೇಲೆ ಬೀಳುತ್ತದೆ. ಸಾಲ ಮಾಡಿ ಸ್ವಂತ ಮನೆ ಕಟ್ಟಿಸುವ ಕುಟುಂಬಕ್ಕಂತೂ ಅದು ದೊಡ್ಡ ಪೆಟ್ಟು. ಆದರೆ ಸುಳ್ಳು ದೂರಿಗೆ ಮದ್ದು ಬೇಗನೆ ಬಂದು ನೋಡುವ ಎಂಜಿನಿಯರ್. ಅದೇ ದಿನ ಸ್ಥಳ ನೋಡಿ 'ಆಸರೆ ಸರಿಯಿದೆ' ಎಂದು ಬರೆದರೆ ಸುಲಿಗೆ ಮಾಡುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ತೂಗುಗತ್ತಿಯಂತೆ ಬಾಕಿ ಉಳಿದ ದೂರಿನಿಂದಲೇ ಅವನ ವ್ಯಾಪಾರ ನಡೆಯುವುದು.

ಎಂಜಿನಿಯರುಗಳು ಹೇಳುವುದೂ ಇದೆ. ರಸ್ತೆ ಗುಂಡಿ, ಚರಂಡಿ, ಮಳೆಗಾಲದ ಪ್ರವಾಹ, ಸಮೀಕ್ಷೆ, ಚುನಾವಣೆ ಎಲ್ಲದಕ್ಕೂ ಅವರೇ. ಮಣ್ಣಿನ ಭದ್ರತೆ, ಸಾರವೆಯ ಬಲ ಪರೀಕ್ಷಿಸುವುದು ಪ್ರತ್ಯೇಕ ಪರಿಣತಿ, ಅದರಲ್ಲಿ ತರಬೇತಿ ಕೊಟ್ಟಿಲ್ಲ. 'ಸುರಕ್ಷಿತ' ಎಂದು ಬರೆದು ಕೊಟ್ಟ ಮರುದಿನ ಕುಸಿದರೆ ಅಮಾನತು ಅವರಿಗೆ. ಹೀಗಾಗಿ ನಕ್ಷೆ ನೋಡಿ ಬರುವುದೇ ಕ್ಷೇಮ ಎನ್ನುವಂತಾಗಿದೆ. ಇದು ವ್ಯಕ್ತಿಗಳ ಸೋಮಾರಿತನಕ್ಕಿಂತ ವ್ಯವಸ್ಥೆ ಕಲಿಸಿದ ಪಾಠ. ಪ್ರತಿ ಪಾಲಿಕೆಗೂ ನಿರ್ಮಾಣ ಸುರಕ್ಷತೆಗೆಂದೇ ತರಬೇತಾದ ಒಂದು ಸಣ್ಣ ತಂಡ ಇಲ್ಲದಿದ್ದರೆ ಈ ಪಾಠ ಬದಲಾಗದು.

ಎಲ್ಲಕ್ಕಿಂತ ಕಷ್ಟದ ಸ್ಥಾನ ಕಾರ್ಮಿಕರದ್ದು. ದೂರು ಬಂದು ಕೆಲಸ ನಿಂತರೆ ಅಂದಿನ ಕೂಲಿ ಇಲ್ಲ. ದೂರದ ಬಿಹಾರ, ಒಡಿಶಾದಿಂದಲೋ ರಾಯಚೂರು, ಕಲಬುರಗಿಯಿಂದಲೋ ಬಂದು ಸೈಟಿನ ಶೆಡ್ಡಿನಲ್ಲೇ ಮಲಗುವವರಿಗೆ ಕೆಲಸದ ಜೊತೆ ಮಲಗುವ ಜಾಗವೂ ಹೋಗಬಹುದು. 14ನೇ ಕಲಂನ ಹಕ್ಕನ್ನು ಅವರು ಬಳಸುತ್ತಾರೆ ಎಂದು ನಿರೀಕ್ಷಿಸುವುದು ಕಷ್ಟ. ಸುರಕ್ಷತೆಯ ಕಾರಣಕ್ಕೆ ಕೆಲಸ ನಿಂತ ದಿನಗಳ ಕೂಲಿಯನ್ನು ಮಾಲೀಕರೇ ಕೊಡಬೇಕು ಎಂಬುದು ಆದೇಶದ ಭಾಗವಾಗದೆ ಕಾರ್ಮಿಕರು ದೂರಿನ ಪರ ನಿಲ್ಲಲಾರರು.

ನ್ಯೂಯಾರ್ಕಿನ ಹನ್ನೊಂದು ದಿನ

ದೂರಿನ ವ್ಯವಸ್ಥೆ ಇದ್ದರೆ ಸಾಕೇ ಎಂಬುದಕ್ಕೆ ನ್ಯೂಯಾರ್ಕ್ ನಗರದ ಒಂದು ಪ್ರಕರಣ ನೆನಪಿಡುವಂಥದ್ದು. 2008ರ ಮಾರ್ಚ್ 4ರಂದು ಮ್ಯಾನ್‌ಹಟನ್ನಿನ ಪೂರ್ವ 51ನೇ ಬೀದಿಯ ಗೋಪುರ ಕ್ರೇನ್ ಸರಿಯಾಗಿ ಬಿಗಿದಿಲ್ಲ ಎಂದು ನಾಗರಿಕರೊಬ್ಬರು ನಗರದ 311 ಸಹಾಯವಾಣಿಗೆ ಹೇಳಿದರು. ಕಟ್ಟಡ ಇಲಾಖೆಯ ಪರಿವೀಕ್ಷಕರು ಸ್ಥಳ ಪರಿಶೀಲಿಸಿದ್ದಾಗಿ ದಾಖಲೆಯಲ್ಲಿ ಬರೆದರು. ಹನ್ನೊಂದು ದಿನದ ನಂತರ, ಮಾರ್ಚ್ 15ರಂದು ಕ್ರೇನ್ ಮುರಿದು ಬಿದ್ದು 7 ಜನ ಸತ್ತರು. ಆ ಪರಿವೀಕ್ಷಣೆ ನಡೆದೇ ಇರಲಿಲ್ಲ ಎಂದು ಆಮೇಲೆ ಹೊರಬಂತು, ಪರಿವೀಕ್ಷಕರ ಬಂಧನವಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕ್ರೇನ್ ಎತ್ತರಿಸುವಾಗ ಭಾರ ಹಿಡಿದಿದ್ದ ನೈಲಾನ್ ಪಟ್ಟಿಗಳು ಹರಿದದ್ದು ಅವಘಡಕ್ಕೆ ಕಾರಣ. ಆದ್ದರಿಂದ ಮಾರ್ಚ್ 4ರಂದು ನಿಜಕ್ಕೂ ಹೋಗಿದ್ದರೂ ತಪ್ಪುತ್ತಿರಲಿಲ್ಲವೇನೋ ಎಂದು ನಗರದ ಅಧಿಕಾರಿಗಳು ಹೇಳಿದರು. ಹಾಗಿರಬಹುದು. ದೂರು ಪ್ರತಿ ಅವಘಡವನ್ನೂ ತಡೆಯುತ್ತದೆ ಎಂದು ಯಾರೂ ಹೇಳಲಾರರು. ಆದರೆ ಹೋಗದೆಯೇ 'ಹೋಗಿದ್ದೆ' ಎಂದು ಬರೆಯಲು ಸಾಧ್ಯವಿರುವ ಕಡೆ ಯಾವ ದೂರು ಏನನ್ನು ತಡೆಯಬಹುದಿತ್ತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ನಮ್ಮ ಆ್ಯಪ್‌ಗಳಲ್ಲಿ ಸ್ಥಳದ ಚಿತ್ರವಿಲ್ಲದೆ, ಭೇಟಿಯ ಸಮಯವಿಲ್ಲದೆ 'ಪರಿಹರಿಸಲಾಗಿದೆ' ಎಂದು ಬರುವ ಸಂದೇಶ ಈ ಕಾರಣಕ್ಕೇ ಆತಂಕದ್ದು.

ಸಣ್ಣ ಸೈಟು, ದೊಡ್ಡ ಕುರುಡು

ಮೊದಲು ಹೇಳಿದ ಬದಲಾವಣೆಗಳನ್ನು ಈಗ ಒಂದರ ಮೇಲೊಂದು ಇಟ್ಟು ನೋಡೋಣ. 1,200 ಚದರಡಿವರೆಗಿನ ನಿವೇಶನಕ್ಕೆ ಒಸಿ ಬೇಡ, ಅಂದರೆ ಕಟ್ಟಿ ಮುಗಿದ ಮೇಲೆ ಎಂಜಿನಿಯರ್ ಬಂದು ನೋಡುವ ಒಂದು ಸಂದರ್ಭ ಹೋಯಿತು. 50×80 ಅಡಿವರೆಗಿನ ನಿವೇಶನಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಸ್ವಯಂ ದೃಢೀಕರಿಸಿದರೆ ಅನುಮತಿ ಕೊಡುವ 'ನಂಬಿಕೆ ನಕ್ಷೆ' ಯೋಜನೆ ಮೊದಲೇ ಬಂದಿತ್ತು, ಅಂದರೆ ಆರಂಭದ ಪರಿಶೀಲನೆಯೂ ನಂಬಿಕೆಯ ಮೇಲೆ. ಇನ್ನು ಕಾರ್ಮಿಕ ಸಂಹಿತೆ. ಹತ್ತಕ್ಕಿಂತ ಕಡಿಮೆ ಆಳುಗಳಿರುವ ಕಟ್ಟಡ ಕೆಲಸ ಅದರ ವ್ಯಾಖ್ಯೆಯ ಹೊರಗಿದೆ. ಸ್ವಂತ ವಾಸಕ್ಕೆ ಕಟ್ಟುವ ಮನೆಗೆ ಹಳೆಯ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ವಿನಾಯಿತಿ ಇತ್ತು, ಈಗ ಆ ಮಿತಿ 50 ಲಕ್ಷ.

ಪ್ರತಿಯೊಂದಕ್ಕೂ ತನ್ನದೇ ಸಮರ್ಥನೆ ಇದೆ. 30×40ರಲ್ಲಿ ಮನೆ ಕಟ್ಟುವ ಮಧ್ಯಮ ವರ್ಗದವರನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದು ಎಂಬ ಉದ್ದೇಶ ಪ್ರಾಮಾಣಿಕವಾದದ್ದೇ. 10 ಲಕ್ಷದಲ್ಲಿ ಇಂದು ಯಾವ ಮನೆಯೂ ಏಳುವುದಿಲ್ಲ ಎಂಬುದೂ ನಿಜ. ಆದರೆ ಮೂರೂ ವಿನಾಯಿತಿಗಳು ಬಂದು ಬೀಳುವುದು ಒಂದೇ ಜಾಗದಲ್ಲಿ: ಗೋಡೆಗೆ ಗೋಡೆ ತಾಗಿರುವ ಬಡಾವಣೆಯ ಸಣ್ಣ ನಿವೇಶನದಲ್ಲಿ. ಅಲ್ಲೇ ಗುಂಡಿಯ ಅಂಚಿಗೂ ಪಕ್ಕದ ಪಾಯಕ್ಕೂ ಅಂತರ ಅತಿ ಕಡಿಮೆ. ಅಲ್ಲೇ ಎಂಟು ಹತ್ತು ಆಳಿನ ಮೇಸ್ತ್ರಿ ತಂಡ, ಸೈಟ್ ಎಂಜಿನಿಯರ್ ಇಲ್ಲ. ಹೊಸ ಸಂಹಿತೆಯ ಪ್ರಕಾರ ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವುದು 250 ಕಾರ್ಮಿಕರಿರುವ ಕಾಮಗಾರಿಗೆ.

ಇದರ ಪರಿಣಾಮ ಊಹಿಸಲು ಕಷ್ಟವಿಲ್ಲ. ದೊಡ್ಡ ಯೋಜನೆಗಳಲ್ಲಿ ಕಂಪನಿಯ ಒಳಗಿನ ಕಣ್ಣು, ಬ್ಯಾಂಕಿನ ಕಣ್ಣು, ಇಲಾಖೆಯ ಕಣ್ಣು ಅಷ್ಟಿಷ್ಟು ಇರುತ್ತದೆ. ಸಣ್ಣ ಸೈಟಿನ ಮೇಲೆ ಉಳಿಯುವುದು ಪಕ್ಕದ ಮನೆಯವರ ಕಣ್ಣೊಂದೇ. ತಪಾಸಣೆಯನ್ನು ಸಡಿಲಿಸಿದ ಸರ್ಕಾರ ದೂರಿನ ದಾರಿಯನ್ನು ಅಷ್ಟೇ ಬಿಗಿಯಾಗಿಸಬೇಕಿತ್ತು, ಅದು ಆಗಿಲ್ಲ. ಜಾತಿ ಪ್ರಮಾಣಪತ್ರಕ್ಕೆ ಇಂತಿಷ್ಟು ದಿನ ಎಂದು ಗಡುವು ಹಾಕಿದ ಸಕಾಲ ಕಾಯ್ದೆ ಈ ರಾಜ್ಯದಲ್ಲಿ 2011ರಿಂದ ಇದೆ. ಜೀವಾಪಾಯದ ದೂರಿಗೆ 24 ಗಂಟೆಯೊಳಗೆ ಸ್ಥಳಕ್ಕೆ ಬಂದು ನೋಡುವ ಗಡುವು ಹಾಕಲು ಹೊಸ ತತ್ವವೇನೂ ಬೇಕಿಲ್ಲ, ಒಂದು ಅಧಿಸೂಚನೆ ಸಾಕು.

ಸದ್ಯಕ್ಕೆ ಕೈಯಲ್ಲಿರುವುದು

ವ್ಯವಸ್ಥೆ ಬದಲಾಗುವವರೆಗೆ ದೂರಿನ ಭಾಷೆ ಬದಲಿಸುವುದರಿಂದ ಸ್ವಲ್ಪ ಪ್ರಯೋಜನ ಇದೆ. 'ಅಕ್ರಮ ಕಟ್ಟಡ, ಕ್ರಮ ಕೈಗೊಳ್ಳಿ' ಎಂದು ಬರೆದರೆ ದೂರು ನಕ್ಷೆಯ ಕಡತಕ್ಕೆ ಹೋಗುತ್ತದೆ. 'ಸುಮಾರು ಹತ್ತು ಅಡಿ ಆಳ, ಆಸರೆಯಿಲ್ಲ, ನಮ್ಮ ಗೋಡೆಯಿಂದ ಎರಡು ಅಡಿ ದೂರ, ಗೋಡೆಯಲ್ಲಿ ನಿನ್ನೆಯಿಂದ ಬಿರುಕು, ಕೆಳಗೆ ನಾಲ್ವರು ಕೆಲಸ ಮಾಡುತ್ತಿದ್ದಾರೆ' ಎಂದು ದಿನಾಂಕ, ಸಮಯ, ವಿಳಾಸ ಸಹಿತ ಬರೆದರೆ ಓದಿದ ಅಧಿಕಾರಿ ಅದಕ್ಕೆ ನಕ್ಷೆಯ ಉತ್ತರ ಕೊಟ್ಟು ಮುಗಿಸಲು ಹಿಂಜರಿಯುತ್ತಾರೆ. ಫೋಟೊವನ್ನು ರಸ್ತೆಯಿಂದಲೋ ಸ್ವಂತ ಮಹಡಿಯಿಂದಲೋ ತೆಗೆಯಬೇಕು. ಸೈಟಿನೊಳಗೆ ಇಳಿದರೆ ಅಪಾಯವೂ ಹೌದು, ಅತಿಕ್ರಮಣದ ಆರೋಪಕ್ಕೂ ದಾರಿ. ಬಿರುಕು ಬೆಳೆಯುತ್ತಿದ್ದರೆ, ಮಣ್ಣು ಉದುರುತ್ತಿದ್ದರೆ, ಸಾರವೆ ವಾಲಿದ್ದರೆ ಮೊದಲು ಕೆಳಗಿರುವವರನ್ನು ಕೂಗಿ ಹೊರಗೆ ಕರೆಯಬೇಕು, ಆಮೇಲೆ 112. ಪಾಲಿಕೆ, ಕಾರ್ಮಿಕ ಇಲಾಖೆಗಳ ದೂರು ಅದರ ನಂತರದ್ದು.

ಹೆಸರು ಹೊರಬರುವ ಭಯ ಸಹಜ, ದಿನವೂ ಮುಖ ನೋಡಬೇಕಾದ ನೆರೆಯವರಲ್ಲವೇ. ಜೀವಕ್ಕೆ ಅಪಾಯ ತರುವ ಅಥವಾ ಮಾಹಿತಿ ಕೊಟ್ಟವರನ್ನು ಗುರುತಿಸುವ ವಿವರವನ್ನು ತಡೆಹಿಡಿಯಲು ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಕಲಂ ಅವಕಾಶ ಕೊಡುತ್ತದೆ. ಗುರುತು ಗೋಪ್ಯವಾಗಿರಲಿ ಎಂದು ದೂರಿನಲ್ಲೇ ಬರೆಯುವುದು ಒಳ್ಳೆಯದು. ನಿವಾಸಿಗಳ ಸಂಘದ ಹೆಸರಿನಲ್ಲಿ ಹೋದರೆ ಇನ್ನೂ ಒಳ್ಳೆಯದು.

ದೂರಿನ ಸಂಖ್ಯೆ ಬಂದು, ಯಾರೂ ಬಾರದೆ ಅದು ಮುಕ್ತಾಯವಾದರೆ ಅದೇ ಮಾಹಿತಿ ಹಕ್ಕು ಕಾಯ್ದೆ ಮತ್ತೆ ನೆರವಿಗೆ ಬರುತ್ತದೆ. ಸಾಮಾನ್ಯ ಅರ್ಜಿಗೆ ಉತ್ತರಿಸಲು 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 7ನೇ ಕಲಂ ಪ್ರಕಾರ 48 ಗಂಟೆ. ಅರ್ಜಿಯಲ್ಲಿ ಉದ್ದದ ವಿವರಣೆ ಬೇಕಿಲ್ಲ. ದೂರಿನ ಸಂಖ್ಯೆ ಬರೆದು ಇಷ್ಟು ಕೇಳಿದರೆ ಸಾಕು: ಈ ದೂರಿನ ಮೇಲೆ ಸ್ಥಳಕ್ಕೆ ಯಾರು, ಯಾವ ದಿನ, ಎಷ್ಟು ಗಂಟೆಗೆ ಬಂದಿದ್ದರು, ಗುಂಡಿಯೊಳಗೆ ಏನು ಕಂಡರು?